ವೋಟು ಎಲ್ಲರದ್ದೂ ಒಂದೇ, ಗೇಟು ಮಾತ್ರ ಎಲ್ಲರಿಗೂ ತೆಗೆಯಲ್ಲ

ಕೆರೆಏರಿ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ವಿಷಯ. ಉದ್ದ ಆದೀತು, ದಯವಿಟ್ಟು ಪೂರ್ತಿ ಓದಿ.

ನಮ್ಮೂರ ಕೆರೆಗೆ ನೀರು ತರೋ ರಾಜಕಾಲುವೆ ಒಂದಿದೆ. ಅದರ ಪಕ್ಕದ ಹೊಲ ಕೊಂಡು ಲೇಔಟ್ ಮಾಡಿದವರು ಕಾಲುವೆಗೂ ಮಣ್ಣು ಹೊಡೆಸಿ ಮೇಲೆ ರಸ್ತೆ ಎಳೆದುಬಿಟ್ಟರು. ನಾನು ಒಂದು ಅವಧಿ ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದವಳು, ಅರ್ಜಿ ಬರೆಯೋದು ಗೊತ್ತು. ಮನೆಮನೆ ತಿರುಗಿ 214 ಸಹಿ ಹಾಕಿಸಿದೆ, ಓದು ಬರದವರದ್ದು ಹೆಬ್ಬೆಟ್ಟು. ಹನ್ನೊಂದು ಜನ ಮೊದಲ ಬಸ್ಸಿಗೇ ಹೊರಟು ಏಳು ಗಂಟೆಗೆಲ್ಲ ಶಾಸಕರ ಮನೆ ಮುಂದೆ ಇದ್ವಿ. ಶೀಟಿನ ಚಪ್ಪರ, ಪ್ಲಾಸ್ಟಿಕ್ ಕುರ್ಚಿ. ಪಿಎ ಉದ್ದನೆ ನೋಟ್‌ಬುಕ್ಕಲ್ಲಿ ಹೆಸರು, ಊರು, ಬಂದ ಕೆಲಸ ಬರ್ಕೊಂಡ. ಆಸ್ಪತ್ರೆ ಬಿಲ್ಲು ಹಿಡ್ಕೊಂಡವರು, ಮಗನಿಗೆ ಕೆಲಸ ಕೇಳೋಕೆ ಬಂದವರು, ಪಿಂಚಣಿ ನಿಂತುಹೋದ ಅಜ್ಜಿ, ಎಲ್ಲಾ ನಮ್ಮ ಥರದವರೇ.

ಹತ್ತೂವರೆಗೆ ಒಂದು ಬಿಳಿ ಕಾರು ಬಂತು. ಅಲ್ಲಿವರೆಗೆ ಒಬ್ಬರು ತೂರೋವಷ್ಟೇ ತೆಗೀತಿದ್ದ ಗೇಟನ್ನ ಎರಡೂ ಕಡೆ ಪೂರ್ತಿ ತೆಗೆದರು. ಇಳಿದವರು ನಮ್ಮ ಕಾಲುವೆಗೆ ಮಣ್ಣು ಹೊಡೆಸಿದವರೇ. ನೋಟ್‌ಬುಕ್ಕಲ್ಲಿ ಹೆಸರು ಬರೆಸಲಿಲ್ಲ, ಚಪ್ಪಲಿ ಬಿಟ್ಟು ನೇರ ಒಳಗೆ ಹೋದರು. ಹಿಂದೆಯೇ ಟ್ರೇಯಲ್ಲಿ ಕಾಫಿ ಹೋಯ್ತು.

ಹನ್ನೆರಡಕ್ಕೆ ಶಾಸಕರು ಹೊರಗೆ ಬಂದರು. ಅರ್ಜಿಯ ಮೊದಲನೇ ಹಾಳೆ ನೋಡಿ, "ತಹಸೀಲ್ದಾರ್ ಹತ್ರ ಮಾತಾಡ್ತೀನಿ ಕಣಮ್ಮ" ಅಂದು ಪಿಎ ಕೈಗೆ ಕೊಟ್ಟರು. ಆಮೇಲೆ ಏನೂ ಆಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಕೆಳಗಿನ ಬೀದಿಯ ಆರು ಮನೆಗೆ ನೀರು ನುಗ್ಗಿತು, ಕೆರೆಗೆ ಬರಲಿಲ್ಲ.

ನಮ್ಮದು 214 ವೋಟು. ಆ ಕಾರಲ್ಲಿ ಬಂದವರ ವೋಟು ನಮ್ಮ ಕ್ಷೇತ್ರದಲ್ಲೇ ಇಲ್ಲ. ಆದರೂ ಅವರ ಮಾತು ನಡೀತು. ಇದು ಹೇಗೆ? "ದುಡ್ಡು" ಅಂತ ಒಂದೇ ಪದದಲ್ಲಿ ಹೇಳಿಬಿಡಬೇಡಿ. ಆ ದುಡ್ಡು ಎಲ್ಲಿ, ಯಾವಾಗ, ಯಾವ ದಾರಿಯಲ್ಲಿ ಕೆಲಸ ಮಾಡುತ್ತೆ ಅಂತ ಬಲ್ಲವರು ತಿಳಿಸಿ.

ನಿವೃತ್ತ ಮೇಷ್ಟ್ರು (ಚನ್ನರಾಯಪಟ್ಟಣ)

ತಾಯಿ, ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ಸರ್ವೀಸು ಪೂರ್ತಿ ಚುನಾವಣೆ ಡ್ಯೂಟಿ ಮಾಡಿದವನಾಗಿ ಒಂದು ಕಠಿಣವಾದ ಮಾತು ಹೇಳ್ತೀನಿ. ರೋಗದ ಬೇರು ಮತದಾರನಲ್ಲೇ ಇದೆ. 2023ರ ವಿಧಾನಸಭೆ ಚುನಾವಣೆ ಹೊತ್ತಲ್ಲಿ ನಮ್ಮ ರಾಜ್ಯದಲ್ಲಿ ಅಧಿಕಾರಿಗಳು ಹಿಡಿದ ಮಾಲಿನ ಮೌಲ್ಯ 375 ಕೋಟಿ ರೂಪಾಯಿ ದಾಟಿತ್ತು. ಅದರಲ್ಲಿ ನಗದೇ 147 ಕೋಟಿ. ಚಿನ್ನ ಬೆಳ್ಳಿ 96 ಕೋಟಿ, ಮದ್ಯ 83 ಕೋಟಿ. 2018ರ ಚುನಾವಣೆಯಲ್ಲಿ ಸಿಕ್ಕಿದ್ದು ಒಟ್ಟು ಸುಮಾರು 84 ಕೋಟಿ. ಐದೇ ವರ್ಷದಲ್ಲಿ ನಾಲ್ಕೂವರೆ ಪಟ್ಟು ಆಯಿತು. ಹಿಡಿದದ್ದೇ ಇಷ್ಟಾದರೆ ಕೈತಪ್ಪಿ ಹಂಚಿಹೋದದ್ದು ಎಷ್ಟಿರಬೇಕು?

ಕುಕ್ಕರ್, ಸೀರೆ, ಧರ್ಮಸ್ಥಳಕ್ಕೆ ಬಸ್ಸು, ಓಂ ಶಕ್ತಿ ಯಾತ್ರೆ, ರಾತ್ರಿ ಬಾಡೂಟ. ಎಲ್ಲವನ್ನೂ ತಗೊಂಡ ಮೇಲೆ ಐದು ವರ್ಷ ಕೇಳೋ ಬಾಯಿ ಎಲ್ಲಿಂದ ಬರಬೇಕು? ಗೆದ್ದವನು ಹೇಳ್ತಾನೆ, "ನಿಮ್ಮ ಋಣ ಆ ರಾತ್ರಿಯೇ ತೀರಿಸಿದ್ದೀನಿ" ಅಂತ. ಈ ಮಾತನ್ನ ನಾನೇ ಕಿವಿಯಾರೆ ಕೇಳಿದ್ದೀನಿ.

ಕೆರೆಏರಿ

ಮೇಷ್ಟ್ರೇ, ತಗೋಬಾರದು ಅನ್ನೋದು ಸರಿ. ಆದರೆ ಆ ರಾತ್ರಿ ಹಳ್ಳಿಯಲ್ಲಿ ಏನಾಗುತ್ತೆ ಅಂತ ಹೇಳ್ತೀನಿ, ನಿಮ್ಮ ಡ್ಯೂಟಿ ಬೂತ್ ಒಳಗೆ ಇರ್ತಿತ್ತು, ನಾನು ಬೀದಿಯಲ್ಲಿ ಇರ್ತಿದ್ದೆ.

ಹನ್ನೊಂದು ಗಂಟೆ ಮೇಲೆ ಬರ್ತಾರೆ, ಇಬ್ಬರು. ಒಬ್ಬನ ಕೈಯಲ್ಲಿ ಮತದಾರರ ಪಟ್ಟಿ, ಇನ್ನೊಬ್ಬನ ಹೆಗಲಿಗೆ ಬ್ಯಾಗು. ಮೊಬೈಲ್ ಟಾರ್ಚಲ್ಲಿ ಹೆಸರು ಹುಡುಕಿ, "ನಿಮ್ಮನೇಲಿ ನಾಲ್ಕು ಅಲ್ವಾ ಅಕ್ಕ?" ಅಂತಾರೆ. ಬೆಂಗಳೂರಲ್ಲಿರೋ ಮಗ ಬಂದಿದ್ದಾನಾ ಇಲ್ವಾ ಅನ್ನೋದೂ ಅವರಿಗೆ ಗೊತ್ತು. ದುಡ್ಡು ಎಣಿಸಿ ಕೊಟ್ಟು ಪೆನ್ನಲ್ಲಿ ಟಿಕ್ ಹಾಕ್ತಾರೆ. ಕೆಲವು ಕಡೆ ದೇವರ ಫೋಟೋ ಮುಟ್ಟಿಸಿ ಆಣೆ. ಈಗ ನಾನು ಬೇಡ ಅಂದೆ ಅಂತಿಟ್ಕೊಳ್ಳಿ. ಟಿಕ್ ಇಲ್ಲದ ಮನೆ ಅಂದರೆ ಆ ಕಡೆಯವರ ಮನೆ ಅಂತ ಬರ್ಕೋತಾರೆ. ನಾಳೆ ಮನೆ ಮಂಜೂರಾತಿ ಪಟ್ಟಿ, ಬೋರ್‌ವೆಲ್ ಸಬ್ಸಿಡಿ, ಬೀದಿ ದೀಪ, ಎಲ್ಲದರಲ್ಲೂ ಆ ಗುರುತು ನೆನಪಿರುತ್ತೆ. ನಾನು ಎರಡು ಸಲ ವಾಪಸ್ ಕಳಿಸಿದ್ದೀನಿ, ಎರಡು ಸಲವೂ ಅನುಭವಿಸಿದ್ದೀನಿ. ನಮ್ಮ ಪಕ್ಕದ ಮನೆ ವಿಧವೆ ಇಬ್ಬರ ಹತ್ರವೂ ಇಸ್ಕೊಂಡು ತನಗೆ ಬೇಕಾದವರಿಗೆ ಹಾಕಿದ್ದಳು. ಅವಳನ್ನ ಬೈಯೋಕೆ ನನಗೆ ಬಾಯಿ ಬರಲ್ಲ.

ಇನ್ನೊಂದು. ನಾಲ್ಕು ವೋಟಿಗೆ ನಾಲ್ಕು ಸಾವಿರ ಅಂದ್ರೂ ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಎರಡು ರೂಪಾಯಿ ಚಿಲ್ಲರೆ. ಕಾಲುವೆ ಮುಚ್ಚಿದವರು ಗಳಿಸಿದ್ದು ಅಷ್ಟೇನಾ?

ಕಪ್ಪುಕೋಟು (ಮೈಸೂರು)

ಕಾನೂನಿನ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ.

ವಿಧಾನಸಭೆಗೆ ನಿಲ್ಲೋ ಅಭ್ಯರ್ಥಿ ಕರ್ನಾಟಕದಂಥ ರಾಜ್ಯದಲ್ಲಿ ಖರ್ಚು ಮಾಡಬಹುದಾದ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. 2022ರ ಜನವರಿಯಲ್ಲಿ ಏರಿಸಿದ್ದು. ಆದರೆ ಪಕ್ಷಕ್ಕೆ ಮಿತಿಯೇ ಇಲ್ಲ. 1974ರಲ್ಲಿ ಕನ್ವರ್ ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅಭ್ಯರ್ಥಿ ಲೆಕ್ಕಕ್ಕೇ ಸೇರಬೇಕು ಅಂದಿತ್ತು. ಬೆನ್ನಲ್ಲೇ ಕಾನೂನು ತಿದ್ದಿ ಅದನ್ನ ಹೊರಗಿಟ್ಟರು. 2003ರಲ್ಲಿ ಸ್ವಲ್ಪ ಬಿಗಿ ಮಾಡಿದ್ದುಂಟು, ಆದರೂ ಪಕ್ಷದ ಒಟ್ಟು ಖರ್ಚಿಗೆ ಇವತ್ತಿಗೂ ಗಡಿ ಅನ್ನೋದು ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ ಈ ತೂತು ನನ್ನ ಮಟ್ಟಿಗೆ ಉಳಿದೆಲ್ಲದಕ್ಕಿಂತ ದೊಡ್ಡದು.

ಇನ್ನು ಶಿಕ್ಷೆ ವಿಷಯ. ನಿಮ್ಮ ಜಿಲ್ಲೆಯದ್ದೇ ಉದಾಹರಣೆ ಇದೆ ಅಕ್ಕ. 2018ರಲ್ಲಿ ತುಮಕೂರು ಗ್ರಾಮಾಂತರದಿಂದ ಗೆದ್ದ ಡಿ.ಸಿ. ಗೌರಿಶಂಕರ್ ಅವರ ಆಯ್ಕೆಯನ್ನ, ಮತದಾರರಿಗೆ ನಕಲಿ ವಿಮೆ ಬಾಂಡ್ ಹಂಚಿದ ಪ್ರಕರಣದಲ್ಲಿ ಹೈಕೋರ್ಟು ರದ್ದು ಮಾಡಿತು. ತೀರ್ಪು ಬಂದದ್ದು 2023ರ ಮಾರ್ಚ್ 30ಕ್ಕೆ. ಮುಂದಿನ ಚುನಾವಣೆಗೆ ಮತದಾನ ಮೇ 10ಕ್ಕೆ. ಅಂದರೆ ಅವಧಿ ಹೆಚ್ಚುಕಡಿಮೆ ಮುಗಿದಿತ್ತು. ತೀರ್ಪಿಗೆ ತಡೆ ಸಿಕ್ಕಿ ಅವರು ಮತ್ತೆ ಸ್ಪರ್ಧಿಸಿದರು ಕೂಡ. ಆ ಸಲ ಅವರನ್ನ ಸೋಲಿಸಿದ್ದು ಜನ. ಚುನಾವಣಾ ತಕರಾರು ಅರ್ಜಿಯನ್ನ ಆರು ತಿಂಗಳಲ್ಲಿ ಮುಗಿಸೋ ಪ್ರಯತ್ನ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ಇಲ್ಲಿ ಐದು ವರ್ಷ ಹಿಡಿಯಿತು.

ಹೊಸಕೋಟೆ ರೋಡ್ (ಬೆಂಗಳೂರು)

ಎಲ್ಲರೂ ದುಡ್ಡಿಗೆ ಇಲ್ಲದ ಶಕ್ತಿ ಕೊಡ್ತಿದ್ದೀರಿ ಅನ್ಸುತ್ತೆ. ನಮ್ಮ ಹೊಸಕೋಟೆ ನೋಡಿ. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಎಂ.ಟಿ.ಬಿ. ನಾಗರಾಜ್ ಅವರು ಅಫಿಡವಿಟ್‌ನಲ್ಲಿ ತೋರಿಸಿದ ಆಸ್ತಿ ಸಾವಿರದ ಇನ್ನೂರು ಕೋಟಿಗೂ ಹೆಚ್ಚು. ಆಳೋ ಪಕ್ಷದ ಟಿಕೆಟ್ ಬೇರೆ. ಪಕ್ಷೇತರರಾಗಿ ನಿಂತ ಶರತ್ ಬಚ್ಚೇಗೌಡರ ಎದುರು ಹನ್ನೊಂದು ಸಾವಿರಕ್ಕೂ ಹೆಚ್ಚು ಮತದಿಂದ ಸೋತರು. 2023ರಲ್ಲಿ ಆಸ್ತಿ 1,600 ಕೋಟಿ ದಾಟಿತ್ತು, ಮತ್ತೆ ಸೋತರು. 2021ರ ವಿಧಾನ ಪರಿಷತ್ ಚುನಾವಣೆಯಲ್ಲಿ ಬೆಂಗಳೂರು ನಗರದಿಂದ ನಿಂತ ಕೆಜಿಎಫ್ ಬಾಬು ಅವರದ್ದು 1,700 ಕೋಟಿಗೂ ಮೇಲೆ. ಅವರೂ ಸೋತರು. ಜನ ಬೇಡ ಅಂದ್ರೆ ಬೇಡವೇ. ಮತದಾರ ಅಷ್ಟು ದುರ್ಬಲ ಅಲ್ಲ.

ಲೆಕ್ಕದ ಪುಸ್ತಕ (ದಾವಣಗೆರೆ)

ಸಾರ್, ನಿಮ್ಮ ಉದಾಹರಣೆಯನ್ನೇ ಇನ್ನೆರಡು ಹೆಜ್ಜೆ ಮುಂದೆ ತಗೊಂಡು ಹೋಗಿ. 2019ರಲ್ಲಿ ಜನ ಸೋಲಿಸಿದರು ಸರಿ. 2020ರ ಜೂನ್‌ನಲ್ಲಿ ಅದೇ ನಾಗರಾಜ್ ಶಾಸಕರು ಆರಿಸೋ ಸ್ಥಾನದಿಂದ ವಿಧಾನ ಪರಿಷತ್ತಿಗೆ ಹೋದರು, 2021ರ ಜನವರಿಯಲ್ಲಿ ಮಂತ್ರಿಯಾದರು. ಹೊಸಕೋಟೆಯ ಮತದಾರ ಡಿಸೆಂಬರ್‌ನಲ್ಲಿ ಹೇಳಿದ "ಬೇಡ" ಹದಿಮೂರು ತಿಂಗಳು ಬಾಳಿತು. ಇದೆಲ್ಲ ಕಾನೂನಿನ ಪ್ರಕಾರವೇ ನಡೆದದ್ದು, ಅವರನ್ನ ನಾನು ದೂರ್ತಾ ಇಲ್ಲ. ವ್ಯವಸ್ಥೆಯಲ್ಲಿ ಅಂಥ ಬಾಗಿಲು ಇದೆ ಅಂತ ತೋರಿಸ್ತಿದ್ದೀನಿ. ಅವರನ್ನ ಸೋಲಿಸಿದವರೂ ಬಡವರೇನಲ್ಲ. ಅವರೂ ಕೋಟ್ಯಧಿಪತಿ, ತಂದೆ ಆಗ ಸಂಸದರು.

ಇನ್ನೂ ಹಳೇ ಉದಾಹರಣೆ ಬೇಕಾ? ವಿಜಯ್ ಮಲ್ಯ 2002ರಲ್ಲಿ ಪಕ್ಷೇತರರಾಗಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು. ಅಲ್ಲಿ ವೋಟು ಹಾಕೋದು ಶಾಸಕರು, 224 ಜನ. 2004ರಲ್ಲಿ ಜನತಾ ಪಕ್ಷದ ಮುಂದಾಳಾಗಿ ರಾಜ್ಯವೆಲ್ಲ ಸುತ್ತಿ ವಿಧಾನಸಭೆಗೆ ಅಭ್ಯರ್ಥಿಗಳನ್ನ ಇಳಿಸಿದರು. ಅಲ್ಲಿ ವೋಟು ಹಾಕಿದ್ದು ಕೋಟ್ಯಂತರ ಜನ. ಒಂದೇ ಒಂದು ಸೀಟು ಬರಲಿಲ್ಲ. 2010ರಲ್ಲಿ ಮತ್ತೆ ರಾಜ್ಯಸಭೆ, ಮತ್ತೆ ಪಕ್ಷೇತರರಾಗಿ, ಮತ್ತೆ ಗೆಲುವು.

ನನಗೆ ಇದರಲ್ಲಿ ಕಾಣೋದು ಇಷ್ಟು. ವೋಟು ಹಾಕೋರ ಸಂಖ್ಯೆ ದೊಡ್ಡದಾದಷ್ಟೂ ದುಡ್ಡಿನ ಫಲ ಗ್ಯಾರಂಟಿ ಇಲ್ಲ. ನಿರ್ಧಾರ ಮಾಡೋರು ಒಂದು ಕೋಣೆಯಲ್ಲಿ ಹಿಡಿಸೋವಷ್ಟು ಜನ ಆದರೆ ಗ್ಯಾರಂಟಿ ಜಾಸ್ತಿ. ಆದ್ದರಿಂದ ನಾವು ಹುಡುಕಬೇಕಾದ್ದು ಆ ಸಣ್ಣ ಕೋಣೆಗಳನ್ನ. ಮೊದಲನೇ ಕೋಣೆ ಟಿಕೆಟ್ ಹಂಚೋ ಕಮಿಟಿ. 2022ರ ನವೆಂಬರ್‌ನಲ್ಲಿ ಕಾಂಗ್ರೆಸ್ ಟಿಕೆಟ್ ಆಕಾಂಕ್ಷಿಗಳಿಂದ ಅರ್ಜಿ ಕರೆದಾಗ ಫಾರಂಗೆ 5,000, ಜೊತೆಗೆ ಸಾಮಾನ್ಯ ವರ್ಗದವರು 2 ಲಕ್ಷ, ಪರಿಶಿಷ್ಟರು 1 ಲಕ್ಷ ಕಟ್ಟಬೇಕಿತ್ತು. ಬಹಿರಂಗವಾಗಿ ಘೋಷಿಸಿ ತಗೊಂಡದ್ದು ಅದು. ಟಿಕೆಟ್ ಸಿಗುತ್ತೋ ಇಲ್ಲವೋ ಗೊತ್ತಿಲ್ಲದೆ ಎರಡು ಲಕ್ಷ ಕಟ್ಟಬಲ್ಲ ಆಶಾ ಕಾರ್ಯಕರ್ತೆ, ಟೈಲರ್, ಗುತ್ತಿಗೆ ನೌಕರ ಎಷ್ಟು ಜನ ಇದ್ದಾರೆ ಹೇಳಿ. ಉಳಿದ ಪಕ್ಷಗಳಲ್ಲಿ ಬೇರೆ ಬೇರೆ ದಾರಿ ಇರಬಹುದು, ಫಲಿತಾಂಶ ಒಂದೇ. ಅಭ್ಯರ್ಥಿಗಳ ಅಫಿಡವಿಟ್ ಲೆಕ್ಕ ಹಾಕೋ ಎಡಿಆರ್ ಸಂಸ್ಥೆ ಪ್ರಕಾರ 2023ರಲ್ಲಿ ಗೆದ್ದ ನಮ್ಮ ಶಾಸಕರಲ್ಲಿ ನೂರಕ್ಕೆ 97 ಜನ ಕೋಟ್ಯಧಿಪತಿಗಳು. ಸರಾಸರಿ ಆಸ್ತಿ 64.39 ಕೋಟಿ. 2018ರಲ್ಲಿ ಸರಾಸರಿ 34 ಕೋಟಿ ಚಿಲ್ಲರೆ ಇತ್ತು. ಮೊದಲ ಮೂವರು, ಅಂದರೆ ಡಿ.ಕೆ. ಶಿವಕುಮಾರ್, ಗೌರಿಬಿದನೂರಿನ ಪುಟ್ಟಸ್ವಾಮಿಗೌಡ, ಗೋವಿಂದರಾಜನಗರದ ಪ್ರಿಯಕೃಷ್ಣ, ಒಬ್ಬೊಬ್ಬರದ್ದೂ ಸಾವಿರ ಕೋಟಿ ಮೇಲೆ.

ನಾವು ಮೇ 10ರಂದು ಬೂತಿಗೆ ಹೋಗಿ ಆರಿಸೋದು, ಆಗಲೇ ಜರಡಿ ಹಿಡಿದು ಉಳಿಸಿದ ಪಟ್ಟಿಯಿಂದ.

ಹೊಸಕೋಟೆ ರೋಡ್

ಪರಿಷತ್ತಿನ ವಿಷಯ ಒಪ್ಪಿದೆ. ನಾನು ಅಷ್ಟು ದೂರ ಯೋಚಿಸಿರಲಿಲ್ಲ.

ತುಂಗಭದ್ರಾ ದಂಡೆ (ಹೊಸಪೇಟೆ)

ನೋಡ್ರಿ, ನಮ್ಮ ಕಡೆ ಇದನ್ನ ಕಣ್ಣಾರೆ ಕಂಡೇವಿ. ಚೀನಾದಾಗ ಒಲಿಂಪಿಕ್ಸ್ ಬರೂದಕ್ಕ ಮುಂಚೆ ಅದಿರಿನ ರೇಟು ಏರಿತ್ತಲ್ರಿ, ಆವಾಗ ಸಂಡೂರು ರಸ್ತೆದಾಗ ಲಾರಿ ಸಾಲು ಮುಗೀತಿದ್ದಿಲ್ಲ. ಗಿಡದ ಎಲಿ ಕೆಂಪು, ಮನಿ ಮಾಳಿಗಿ ಕೆಂಪು, ಒಣಗಿಸಿದ ಬಟ್ಟಿ ಕೆಂಪು. ನಮ್ಮವ್ವ ಹಿಟ್ಟಿನ ಡಬ್ಬಿ ಬಟ್ಟಿ ಕಟ್ಟಿ ಇಡ್ತಿದ್ಲು.

2008ರ ಚುನಾವಣೆದಾಗ ಬಿಜೆಪಿಗೆ 110 ಸೀಟು ಬಂತು, ಬಹುಮತಕ್ಕ 113 ಬೇಕಾಗಿತ್ತು. ಪಕ್ಷೇತರರನ್ನ ಕೂಡಿಸಿಕೊಂಡ್ರು, ಆಮ್ಯಾಲೆ ಬ್ಯಾರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಇವರ ಟಿಕೆಟ್ ಮ್ಯಾಲೆ ನಿಂತ್ರು. "ಆಪರೇಷನ್ ಕಮಲ" ಅನ್ನೋ ಮಾತು ಹುಟ್ಟಿದ್ದು ಆವಾಗ್ಲೇ. ಬಳ್ಳಾರಿಯ ಗಣಿ ಕುಟುಂಬದ ಜನಾರ್ದನ ರೆಡ್ಡಿ, ಕರುಣಾಕರ ರೆಡ್ಡಿ, ಅವರ ಆಪ್ತ ಶ್ರೀರಾಮುಲು, ಮೂರೂ ಮಂದಿ ಒಂದೇ ಸಂಪುಟದಾಗ ಮಂತ್ರಿ. 2009ರಾಗ ಇವರು ಸಿಟ್ಟಾಗಿ ಶಾಸಕರನ್ನ ಕರ್ಕೊಂಡು ರೆಸಾರ್ಟ್‌ಗೆ ಹೋದ್ರು, ಮುಖ್ಯಮಂತ್ರಿ ಯಡಿಯೂರಪ್ಪನವರು ಶೋಭಾ ಕರಂದ್ಲಾಜೆ ಅವರನ್ನ ಸಂಪುಟದಿಂದ ಬಿಡಬೇಕಾಯ್ತು. ಯಾವ ಮತದಾರ ಕೇಳಿದ್ನಂತ್ರಿ ಆ ಬದಲಾವಣಿನ?

ಆದ್ರ ಅದಕ್ಕೂ ಒಂದು ಕೊನಿ ಬಂತು ಅನ್ನೂದನ್ನ ಮರೀಬಾರ್ದು. 2011ರ ಜುಲೈ 27ಕ್ಕ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಮ್ಯಾಲೆ ವರದಿ ಕೊಟ್ರು, ರಾಜ್ಯಕ್ಕ ಆದ ನಷ್ಟ 16,085 ಕೋಟಿ ಅಂತ. ಎರಡು ದಿನಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ತು. ತಿಂಗಳ ಕೊನಿಗೆ ಯಡಿಯೂರಪ್ಪನವರ ರಾಜೀನಾಮೆ. ಸುಪ್ರೀಂ ಕೋರ್ಟಿಗೆ ಹೋಗಿ ಬಡಿದಾಡಿದ್ದು ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ. ಕೈಯಾಗ ಕಾಗದ ಬಿಟ್ರ ಬ್ಯಾರೆ ಬಂಡವಾಳ ಇಲ್ಲದ ಮಂದಿ. ಅಕ್ಕಾರ, ನಿಮ್ಮ 214 ಸಹಿ ಹಾಳೆ ಜೋಪಾನ ಇಡ್ರಿ.

ಸಿಮೆಂಟ್ ಅಂಗಡಿ (ಬೆಂಗಳೂರು ಗ್ರಾಮಾಂತರ)

ವ್ಯಾಪಾರಿಗಳ ಕಡೆಯದ್ದೂ ಒಂದು ಮಾತು ಕೇಳಿ. ಇಲ್ಲಿ ಎಲ್ಲರೂ ದುಡ್ಡಿರೋರೆಲ್ಲ ರಾಜಕೀಯ ಆಳ್ತಾರೆ ಅನ್ನೋ ಥರ ಮಾತಾಡ್ತಿದ್ದೀರಿ. ನನ್ನಂಥವನ ಸ್ಥಿತಿ ಬೇರೆ.

ಎಲೆಕ್ಷನ್ ಹತ್ತಿರ ಬಂತು ಅಂದರೆ ನನಗೆ ಪೇಪರ್ ನೋಡೋದೇ ಬೇಡ, ಗೋಡೌನ್ ನೋಡಿದರೆ ಗೊತ್ತಾಗುತ್ತೆ. ದಿನಕ್ಕೆ ಎರಡು ಲೋಡು ಎತ್ತೋ ಬಿಲ್ಡರ್ ವಾರಕ್ಕೆ ಒಂದಕ್ಕೆ ಇಳೀತಾನೆ. ಹಳೇ ಬಾಕಿ ಕೇಳಿದರೆ "ರಿಸಲ್ಟ್ ಮುಗೀಲಿ ಅಣ್ಣ" ಅಂತಾನೆ. ಕೈಯಲ್ಲಿರೋ ಕ್ಯಾಷೆಲ್ಲ ಬೇರೆ ಕಡೆ ಹೋಗಿರುತ್ತೆ. ಇದು ನನ್ನ ಅಂಗಡಿ ಕಥೆ ಮಾತ್ರ ಅಂದ್ಕೊಂಡಿದ್ದೆ. ದೇವೇಶ್ ಕಪೂರ್, ಮಿಲನ್ ವೈಷ್ಣವ್ ಅನ್ನೋ ಇಬ್ಬರು ವಿದ್ವಾಂಸರು ದೇಶದ ರಾಜ್ಯ ರಾಜ್ಯಗಳ ಸಿಮೆಂಟ್ ಬಳಕೆ ಲೆಕ್ಕ ಹಾಕಿ, ಚುನಾವಣೆ ತಿಂಗಳಲ್ಲಿ ಅದು ಕುಸಿಯುತ್ತೆ ಅಂತ ತೋರಿಸಿದ್ದಾರೆ. ಬಿಲ್ಡರ್‌ಗಳ ದುಡ್ಡು ಕಟ್ಟಡದಿಂದ ಪ್ರಚಾರಕ್ಕೆ ಹರಿಯುತ್ತೆ ಅನ್ನೋದು ಅವರ ವಿವರಣೆ.

ನನ್ನಂಥ ಸಣ್ಣವರ ಹತ್ರಾನೂ ಬರ್ತಾರೆ. ರಸೀದಿ ಇಲ್ಲ. ಇಬ್ಬರಿಗೂ ಕೊಡ್ತೀವಿ, ಯಾರು ಗೆದ್ದರೂ ಲೈಸೆನ್ಸು, ಗೋಡೌನಿನ ಖಾತೆ ವಿಷಯದಲ್ಲಿ ತೊಂದರೆ ಆಗದಿರಲಿ ಅಂತ. ಇದನ್ನ ಪ್ರಭಾವ ಅಂತೀರಾ? ನಾನು ಕೊಡೋದು ಹೆದರಿಕೆಯಿಂದ. ಗೇಟು ಎರಡೂ ಕಡೆ ತೆಗೆಯೋದು ನನಗಿಂತ ನೂರು ಪಟ್ಟು ಕೊಟ್ಟವರಿಗೆ.

ಲೆಕ್ಕದ ಪುಸ್ತಕ

ಅಣ್ಣ, ಇಷ್ಟು ಪ್ರಾಮಾಣಿಕವಾಗಿ ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ ಆ "ನೂರು ಪಟ್ಟು" ಎಲ್ಲಿ ಹೋಗುತ್ತೆ ಅಂತ ದೇಶಕ್ಕೆ ಒಂದು ಸಲ ಕಾಣಿಸಿತ್ತು, 2024ರಲ್ಲಿ.

2018ರಿಂದ ಚುನಾವಣಾ ಬಾಂಡ್ ಇತ್ತು, ಅಂದರೆ ದುಡ್ಡು ಕೊಟ್ಟು ಕೊಂಡು ಪಕ್ಷಕ್ಕೆ ದೇಣಿಗೆಯಾಗಿ ಕೊಡೋ ಪತ್ರ. ಸ್ಟೇಟ್ ಬ್ಯಾಂಕಿನಲ್ಲಿ ಮಾತ್ರ ಸಿಗೋದು. ಸಾವಿರ ರೂಪಾಯಿಯಿಂದ ಒಂದು ಕೋಟಿವರೆಗೆ ಐದು ಮುಖಬೆಲೆ. ಕೊಟ್ಟವರ ಹೆಸರು ಜನರಿಗೆ ಗೊತ್ತಾಗೋ ಹಾಗಿಲ್ಲ. ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 7.5ಕ್ಕಿಂತ ಹೆಚ್ಚು ಕೊಡಬಾರದು ಅಂತ ಇದ್ದ ಮಿತಿಯನ್ನೂ 2017ರಲ್ಲಿ ತೆಗೆದಿದ್ದರು. 2024ರ ಫೆಬ್ರುವರಿ 15ಕ್ಕೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎಲ್ಲವನ್ನೂ ಒಮ್ಮತದಿಂದ ರದ್ದು ಮಾಡಿತು. ಆಮೇಲೆ ಹೊರಬಂದ ಪಟ್ಟಿ ಪ್ರಕಾರ 2019ರ ಏಪ್ರಿಲ್‌ನಿಂದ ಮಾರಾಟವಾದದ್ದು ಹನ್ನೆರಡು ಸಾವಿರ ಕೋಟಿಗೂ ಹೆಚ್ಚು. ಬಿಜೆಪಿ ನಗದು ಮಾಡಿಕೊಂಡದ್ದು ಸುಮಾರು 6,060 ಕೋಟಿ, ತೃಣಮೂಲ 1,609, ಕಾಂಗ್ರೆಸ್ 1,421. ಎಲ್ಲಕ್ಕಿಂತ ಹೆಚ್ಚು ಕೊಂಡದ್ದು ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್, 1,368 ಕೋಟಿ. ಎರಡನೆಯದು ಹೈದರಾಬಾದಿನ ಮೇಘಾ ಎಂಜಿನಿಯರಿಂಗ್, 966 ಕೋಟಿ. ನಮ್ಮ ಜೆಡಿಎಸ್ ತನಗೆ ಬಂದ 89.75 ಕೋಟಿ ಯಾರು ಕೊಟ್ಟರು ಅಂತ ತಾನೇ ಹೇಳಿತ್ತು, ಅದರಲ್ಲಿ 50 ಕೋಟಿ ಇದೇ ಮೇಘಾದ್ದು.

ಈಗ ಒಂದು ವಿಷಯ ಗಮನಿಸಿ. ಮೌಲ್ಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಒಂದು ಕೋಟಿಯ ಬಾಂಡ್‌ಗಳದ್ದೇ. ಸಾವಿರ ರೂಪಾಯಿ ಬಾಂಡ್ ಯಾರಿಗಾಗಿ ಇಟ್ಟಿದ್ದರೋ, ಆ ಜನ ಅಲ್ಲಿಗೆ ಬರಲೇ ಇಲ್ಲ.

ಪರದೇಶದ ಕನ್ನಡಿಗ (ನ್ಯೂಜೆರ್ಸಿ)

ಇಲ್ಲಿಯದ್ದು ಚಿಕ್ಕದಾಗಿ. 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಅಮೆರಿಕದಲ್ಲಿ ಅಭ್ಯರ್ಥಿಯಿಂದ ಸ್ವತಂತ್ರವಾಗಿ ಮಾಡೋ ಪ್ರಚಾರಕ್ಕೆ ಕಂಪನಿಗಳು ಎಷ್ಟು ಬೇಕಾದರೂ ಸುರಿಯಬಹುದು. 2024ರಲ್ಲಿ ಇಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಹೆಚ್ಚು ಹಾಕಿದರು. ವ್ಯತ್ಯಾಸ ಏನಂದರೆ ಇಲ್ಲಿ ಅದರ ಬಹುಪಾಲು ಕಾಗದದ ಮೇಲೆ ಕಾಣುತ್ತೆ. ಗಿಲೆನ್ಸ್ ಮತ್ತು ಪೇಜ್ ಅನ್ನೋ ಇಬ್ಬರು ವಿದ್ವಾಂಸರು 2014ರಲ್ಲಿ 1,779 ನೀತಿ ಪ್ರಶ್ನೆಗಳನ್ನ ತೂಗಿ ನೋಡಿದರು. ಶ್ರೀಮಂತರ ಇಷ್ಟವನ್ನ ಲೆಕ್ಕಕ್ಕೆ ತಗೊಂಡ ಮೇಲೆ ಸಾಮಾನ್ಯರ ಇಷ್ಟಕ್ಕೆ ಉಳಿಯೋ ಸ್ವಂತ ಪ್ರಭಾವ ಹೆಚ್ಚುಕಡಿಮೆ ಸೊನ್ನೆ ಅಂತ ಕಂಡುಕೊಂಡರು. ಬಹಳ ವಿಷಯಗಳಲ್ಲಿ ಇಬ್ಬರ ಇಷ್ಟವೂ ಒಂದೇ ಇರುತ್ತೆ ಅಂತ ಅದಕ್ಕೆ ಆಕ್ಷೇಪವೂ ಬಂತು. ಆದರೆ ಇಬ್ಬರ ಇಷ್ಟ ಬೇರೆಯಾದಾಗ ಏನಾಗುತ್ತೆ ಅನ್ನೋದೇ ಅಲ್ವಾ ಕೆರೆಏರಿ ಅವರ ಕಾಲುವೆ?

ಮಲೆನಾಡ ಮಳೆ (ಹೊಸನಗರ)

ಬರೀ ಕತ್ತಲೆ ಹೇಳ್ತಾ ಹೋದರೆ ಹುಡುಗರು ವೋಟು ಹಾಕೋದೇ ಬಿಟ್ಟಾರು. ನಮ್ಮೂರಿನದೊಂದು ಹೇಳ್ತೇನೆ. 1951ರಲ್ಲಿ ಕಾಗೋಡು ಸತ್ಯಾಗ್ರಹ. ಗೇಣಿದಾರರು ಒಡೆಯರ ಎದುರು ನಿಂತರು. ಮರುವರ್ಷ ಮೊದಲ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು. ಜೇಬಲ್ಲಿ ಕಾಸಿಲ್ಲ. ಎದುರಾಳಿ ಅನುಕೂಲಸ್ಥ ಮನೆತನದವರು. "ಒಂದು ವೋಟು, ಒಂದು ನೋಟು" ಅಂತ ಊರೂರು ನಡೆದರು. ವೋಟಿನ ಜೊತೆ ಒಂದು ರೂಪಾಯಿಯನ್ನೂ ಜನರೇ ಕೊಟ್ಟರು, ಗೆಲ್ಲಿಸಿದರು. ನಮ್ಮಜ್ಜ ಕೊಟ್ಟದ್ದನ್ನ ಸಾಯೋವರೆಗೆ ಹೇಳ್ಕೊಳ್ತಿದ್ದರು, ಅಡಿಕೆ ಸುಲಿದ ಕೂಲಿಯಲ್ಲಿ ಉಳಿಸಿದ ರೂಪಾಯಿ ಅದು. ಆಮೇಲೆ ರೈತ ಸಂಘವೂ ಇದೇ ದಾರಿ ಹಿಡಿಯಿತು, ಮೇಲುಕೋಟೆಯಲ್ಲಿ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಗೆದ್ದರು.

ವೋಟಿನ ಜೊತೆ ನೋಟನ್ನೂ ಕೊಟ್ಟವನು ಅಧಿಕಾರದಿಂದ ಕೇಳ್ತಾನೆ. ನಮ್ಮಜ್ಜ ಗೋಪಾಲಗೌಡರನ್ನ ಬಸ್‌ಸ್ಟ್ಯಾಂಡಲ್ಲಿ ನಿಲ್ಲಿಸಿ ಜಮೀನಿನ ವಿಷಯ ಮಾತಾಡಿದ್ದರಂತೆ. ಗೇಟು ದಾಟೋ ಪ್ರಶ್ನೆಯೇ ಇರಲಿಲ್ಲ.

ನಿವೃತ್ತ ಮೇಷ್ಟ್ರು

ಗೋಪಾಲಗೌಡರ ಕಾಲಕ್ಕೆ ವಿಧಾನಸಭೆ ಠೇವಣಿ 250 ರೂಪಾಯಿ. ಈಗ 10,000. 2023ರಲ್ಲಿ ಯಾದಗಿರಿಯಲ್ಲಿ ಪಕ್ಷೇತರ ಯುವಕರೊಬ್ಬರು ಮತದಾರರಿಂದ ಸಂಗ್ರಹಿಸಿದ ಒಂದೊಂದು ರೂಪಾಯಿ ನಾಣ್ಯ ತಂದು ಆ ಹತ್ತು ಸಾವಿರ ಕಟ್ಟಿದ್ದರು, ಅಧಿಕಾರಿಗಳು ಕೂತು ಎಣಿಸಬೇಕಾಯ್ತು. ಓದಿ ಸಂತೋಷಪಟ್ಟಿದ್ದೆ. ಆದರೆ ಠೇವಣಿ ಆದಮೇಲಿನ ಖರ್ಚಿಗೆ ಎಲ್ಲಿಗೆ ಹೋಗಬೇಕು ಆತ?

ಕೆರೆಏರಿ ತಾಯಿ, ಆ ರಾತ್ರಿಯ ಟಿಕ್ ವಿಷಯ ನೀವು ಬರೆದದ್ದು ಎರಡು ದಿನದಿಂದ ತಲೆಯಲ್ಲೇ ಇದೆ. ಬೂತಿನ ಒಳಗೆ ಕೂತು ನಾನು ಮತದಾರನನ್ನ ಹಗುರಾಗಿ ನೋಡಿದೆನೇನೋ. ತಗೊಳ್ಳೋದು ತಪ್ಪು ಅನ್ನೋ ಮಾತಿಂದ ಹಿಂದೆ ಸರಿಯಲ್ಲ, ಆದರೆ ಬೇರು ಅಲ್ಲಿದೆ ಅಂದದ್ದನ್ನ ವಾಪಸ್ ತಗೋತೀನಿ.

ಕಡಲ ಕರೆ (ಪುತ್ತೂರು)

ನಮ್ಮ ಪಕ್ಕದ ಸುಳ್ಯದ ಶಾಸಕಿ ಭಾಗೀರಥಿ ಮುರುಳ್ಯ ಅವರ ಘೋಷಿತ ಆಸ್ತಿ 28 ಲಕ್ಷದ ಆಸುಪಾಸು. 2023ರಲ್ಲಿ ಗೆದ್ದವರಲ್ಲಿ ಎಲ್ಲರಿಗಿಂತ ಕಡಿಮೆ. ಮೀಸಲು ಕ್ಷೇತ್ರ, ಹಿಂದೆ ಬಲವಾದ ಪಕ್ಷದ ಸಂಘಟನೆ, ಎರಡೂ ಇತ್ತು. ಅಂದರೆ ದುಡ್ಡಿಲ್ಲದವರು ಬರಬೇಕಾದರೆ ಪಕ್ಷ ಮನಸ್ಸು ಮಾಡಬೇಕು. ಮನಸ್ಸು ಮಾಡಿದರೆ ಆಗ್ತದೆ ಅಂತಲೂ ಇದರಿಂದ ಗೊತ್ತಾಗ್ತದೆ.

ಕೆರೆಏರಿ

ಎಲ್ಲರಿಗೂ ಕೈಮುಗಿದೆ. ಒಂದೊಂದನ್ನೂ ಎರಡು ಸಲ ಓದಿದೆ. "ಸಣ್ಣ ಕೋಣೆ" ಅಂದಿರಲ್ಲ, ಅದನ್ನ ಓದಿದ ಮೇಲೆ ನನಗೆ ಇನ್ನೊಂದು ಹೊಳೀತು.

ನಮ್ಮಂಥವರಿಗೆ ಹತ್ತಿರದ ಬಾಗಿಲು ಅಂದರೆ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಸದಸ್ಯರು. ಸಂತೆಯಲ್ಲಿ ಸಿಗ್ತಿದ್ದರು, ಬೈಕ್ ನಿಲ್ಲಿಸಿ ಕೇಳಬಹುದಿತ್ತು. ಕರ್ನಾಟಕದಲ್ಲಿ ಅವಕ್ಕೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗೀತು, ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಅಂತ ಹೇಳ್ತಾ ವರ್ಷಗಟ್ಟಲೆ ಮುಂದೆ ಹಾಕಿದರು. ಯಾವ ಸರ್ಕಾರ ಬಂದರೂ ಅದೇ. ಬೆಂಗಳೂರಿನ ಪಾಲಿಕೆಗೂ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಅದೇ ಗತಿ. ಆ ಮೆಂಬರ್‌ಗಳು ಇಲ್ಲದಾಗ ಎಲ್ಲರೂ ಶಾಸಕರ ಗೇಟಿಗೇ ಹೋಗಬೇಕು. ಬಿಳಿ ಕಾರಿನವರಿಗೆ ಇದರಿಂದ ಏನೂ ನಷ್ಟ ಇಲ್ಲ, ಅವರಿಗೆ ಒಂದೇ ಗೇಟು ಸಾಕು. ಬಾಗಿಲು ಕಡಿಮೆಯಾಗಿದ್ದು ನಮಗೆ. ದುಡ್ಡಿನ ಬಗ್ಗೆ ಮಾತಾಡುವಾಗ ಇದನ್ನ ಯಾಕೆ ಯಾರೂ ಸೇರಿಸಲ್ಲ?

ಕಪ್ಪುಕೋಟು ತಮ್ಮ, ಕಾಲುವೆ ವಿಷಯಕ್ಕೆ ಬೇರೆ ದಾರಿ ಏನಾದರೂ ಇದೆಯಾ?

ಕಪ್ಪುಕೋಟು

ಇದೆ ಅಕ್ಕ. ಶಾಸಕರ ಮನೆ ಬಿಡಿ. ಮೊದಲು ಸರ್ವೆ ಇಲಾಖೆಯಿಂದ ಹಳೇ ಗ್ರಾಮ ನಕ್ಷೆ ದೃಢೀಕೃತ ಪ್ರತಿ ತಗೊಳ್ಳಿ. ಅದರಲ್ಲಿ ಹಳ್ಳ, ಕಾಲುವೆ ಎಲ್ಲ ಗೆರೆ ಹಾಕಿ ತೋರಿಸಿರ್ತಾರೆ. ಲೇಔಟಿಗೆ ಯಾರು ಅನುಮೋದನೆ ಕೊಟ್ಟರು, ಯಾವ ನಕ್ಷೆ ಮೇಲೆ ಕೊಟ್ಟರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ, ಹತ್ತು ರೂಪಾಯಿ ಶುಲ್ಕ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒತ್ತುವರಿ ಕಾಣುತ್ತೆ. ಸರ್ಕಾರಿ ಜಮೀನು ಕಬಳಿಕೆಗೆ 2011ರ ಕಾಯ್ದೆ ಅಡಿ ಬೆಂಗಳೂರಲ್ಲಿ ವಿಶೇಷ ನ್ಯಾಯಾಲಯ ಇದೆ. ದೂರು ಬರೆದುಕೊಡೋ ಜವಾಬ್ದಾರಿ ನನ್ನದು, ಫೀಸ್ ಮಾತು ಎತ್ತಬೇಡಿ.

ಕೆರೆಏರಿ (ಐದು ವಾರದ ನಂತರ)

ನಕ್ಷೆ ಸಿಕ್ಕಿತು. ಮೂರು ಸಲ ಅಲೆದಾಡಿಸಿದರು, ಆದರೂ ಸಿಕ್ಕಿತು. ಹಾಳೆ ಬಿಚ್ಚಿ ಪಂಚಾಯ್ತಿ ಕಟ್ಟೆ ಮೇಲೆ ಹಾಸಿ ಎಲ್ಲರೂ ಸುತ್ತ ಕೂತ್ವಿ. ಕೆರೆಯಿಂದ ಮೇಲಕ್ಕೆ ಕಾಲುವೆ ಗೆರೆ ಸ್ಪಷ್ಟವಾಗಿ ಇದೆ, ನೇರ ಈಗಿನ ಲೇಔಟಿನ ಎರಡನೇ ಕ್ರಾಸ್ ನಡುವೆ ಹೋಗುತ್ತೆ. ಹೆಬ್ಬೆಟ್ಟು ಹಾಕಿದ್ದ ಎಂಬತ್ತು ದಾಟಿದ ತಾತ ಒಬ್ಬರು ನಕ್ಷೆ ನೋಡದೇನೇ, "ಇಲ್ಲಿ ಒಂದು ಹುಣಸೆಮರ ಇತ್ತು, ಅದರ ಬುಡದಲ್ಲಿ ಕಾಲುವೆ ತಿರುಗುತ್ತೆ" ಅಂದರು. ನಕ್ಷೆಯಲ್ಲಿ ಗೆರೆ ತಿರುಗೋದು ಅಲ್ಲೇ.

ಊರವರು ಮನೆಗೆ ಇಪ್ಪತ್ತು ರೂಪಾಯಿ ಹಾಕಿದ್ದಾರೆ, ಬೆಂಗಳೂರಿಗೆ ಹೋಗಿ ಬರೋ ಖರ್ಚಿಗೆ. ಪಕ್ಕದ ಮನೆ ವಿಧವೆ ಐವತ್ತು ಕೊಟ್ಟಳು. ರಸೀದಿ ಪುಸ್ತಕ ನನ್ನ ಹತ್ರ ಇದೆ, ಒಂದೊಂದಕ್ಕೂ ಸಹಿ ಮಾಡಿ ಕೊಟ್ಟಿದ್ದೀನಿ. ಸೋಮವಾರ ಮೊದಲನೇ ಬಸ್ಸಿಗೆ ಹೊರಡ್ತೀವಿ, ಈ ಸಲ ಹತ್ತೊಂಬತ್ತು ಜನ.